ಹೇಳಿದಷ್ಟೇ ಮಾಡುವ ಬೆಕ್ಕು: ನಲಿ-ಕಲಿ ಕೋಣೆಯಲ್ಲಿ ಸ್ಕ್ರ್ಯಾಚ್ ಜೂನಿಯರ್

ಮೊದಲೇ ಹೇಳಿಬಿಡುತ್ತೇನೆ. ಒಂದರಿಂದ ಮೂರನೇ ತರಗತಿಯ ಮಕ್ಕಳ ಕೈಗೆ ಟ್ಯಾಬ್ ಕೊಡಲೇಬೇಕು ಅಂತಿದ್ದರೆ, ಅದರಲ್ಲಿ ಮೊದಲು ಹಾಕಿಸಬೇಕಾದ ಆ್ಯಪ್ ಸ್ಕ್ರ್ಯಾಚ್ ಜೂನಿಯರ್. ಚಿತ್ರದ ತುಂಡುಗಳನ್ನು ಜೋಡಿಸಿ ಪರದೆಯ ಮೇಲಿನ ಬೆಕ್ಕಿನಿಂದ ಮಕ್ಕಳೇ ಕೆಲಸ ಮಾಡಿಸುವ ಆ್ಯಪ್ ಇದು. ದುಡ್ಡು ಕೊಡಬೇಕಿಲ್ಲ. ಜಾಹೀರಾತು ಬರುವುದಿಲ್ಲ. ಹೆಸರು, ಫೋನ್ ನಂಬರ್ ಏನೂ ಕೇಳದೆ ತೆರೆದುಕೊಳ್ಳುತ್ತದೆ. ಒಮ್ಮೆ ಇಳಿಸಿಕೊಂಡರೆ ಆಮೇಲೆ ನೆಟ್‌ವರ್ಕ್ ಹುಡುಕಿಕೊಂಡು ಶಾಲೆಯ ತಾರಸಿ ಹತ್ತಬೇಕಿಲ್ಲ. ಟ್ಯಾಬ್ ಕೊಡಲೇಬೇಕಾ ಅನ್ನುವುದು ಬೇರೆ ಪ್ರಶ್ನೆ. ಅದಕ್ಕೂ ಬರುತ್ತೇನೆ.

ನಾನು ತಿಪಟೂರು ತಾಲ್ಲೂಕಿನ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಲಿ-ಕಲಿ ಟೀಚರ್. ಸುತ್ತ ತೆಂಗಿನ ತೋಟ, ನಡುವೆ ಎರಡು ಕೋಣೆ, ಒಂದು ಅಡುಗೆ ಮನೆ. ಒಂದು, ಎರಡು, ಮೂರನೇ ತರಗತಿ ಮೂರೂ ನನ್ನ ಕೋಣೆಯಲ್ಲೇ. ನಾಲ್ಕು, ಐದು ಪಕ್ಕದ ಕೋಣೆಯಲ್ಲಿ ಹೆಡ್ ಮೇಡಂ ಹತ್ತಿರ. ಊರಿನ ಹಳೆ ವಿದ್ಯಾರ್ಥಿಗಳು ಸೇರಿ ಒಂದಷ್ಟು ಟ್ಯಾಬ್ ಕೊಡಿಸಿದರು. ಅದರಲ್ಲಿ ಕೆಲವು ಬೇಗನೇ ಕೈಕೊಟ್ಟವು. ಈಗ ಚೆನ್ನಾಗಿ ನಡೆಯುತ್ತಿರುವುದು ನಾಲ್ಕು. ಈ ವಿಮರ್ಶೆ ಆ ನಾಲ್ಕರ ಮೇಲೆ ನಿಂತಿದೆ. ಪ್ರತಿ ಮಗುವಿಗೂ ಒಂದೊಂದು ಟ್ಯಾಬ್ ಇರುವ ಶಾಲೆಯವರಿಗೆ ನನ್ನ ಲೆಕ್ಕ ಅಷ್ಟಾಗಿ ಹೊಂದದೇ ಇರಬಹುದು.

ನಲಿ-ಕಲಿ ಗೊತ್ತಿಲ್ಲದವರಿಗೆ ಎರಡು ಮಾತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಶುರುವಾದ ಪದ್ಧತಿ ಇದು. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು, ಯುನಿಸೆಫ್ ನೆರವಿನಲ್ಲಿ ತಾವೇ ಕಲಿಕೆಯ ಕಾರ್ಡುಗಳನ್ನು ಮಾಡಿಕೊಂಡರು. 2009-10ರಲ್ಲಿ ಇಡೀ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆ ಬಂತು. ಇಲ್ಲಿ ಬೆಂಚಿಲ್ಲ. ಮಕ್ಕಳು ನೆಲದ ಮೇಲೆ ಗುಂಪಾಗಿ ಕೂರುತ್ತಾರೆ. ಆ ಗುಂಪಿಗೆ ತಟ್ಟೆ ಅನ್ನುತ್ತೇವೆ. ಒಂದು ತಟ್ಟೆಯ ಜೊತೆ ನಾನು ಪೂರ್ತಿ ಕೂತಿರುತ್ತೇನೆ. ಇನ್ನೊಂದಕ್ಕೆ ಆಗಾಗ ಹೋಗಿ ಬರುತ್ತೇನೆ. ಉಳಿದವರು ಒಬ್ಬರಿಗೊಬ್ಬರು ಹೇಳಿಕೊಟ್ಟುಕೊಂಡು ಅಥವಾ ತಮ್ಮ ಪಾಡಿಗೆ ತಾವು ಕಾರ್ಡು ಹಿಡಿದು ಕಲಿಯುತ್ತಾರೆ. ಯಾವ ಮಗು ಕಲಿಕೆಯ ಏಣಿಯ ಯಾವ ಮೆಟ್ಟಿಲಲ್ಲಿದೆ ಅನ್ನುವುದು ಗೋಡೆಗೆ ಹಾಕಿದ ‘ಪ್ರಗತಿ ನೋಟ’ ಪಟ್ಟಿಯಲ್ಲಿ ಇರುತ್ತದೆ.

ಇದನ್ನು ಯಾಕೆ ಹೇಳಿದೆ ಅಂದರೆ, ಇಂಥ ಕೋಣೆಗೆ ಎಲ್ಲ ತಂತ್ರಜ್ಞಾನವೂ ಒಗ್ಗುವುದಿಲ್ಲ. ಗೋಡೆಗೆ ದೊಡ್ಡ ಟಿವಿ ಹಾಕಿದರೆ ಮೂರೂ ತರಗತಿಯವರು ಒಟ್ಟಿಗೆ ಅದನ್ನೇ ನೋಡಬೇಕು. ತಟ್ಟೆಗಳು ಒಡೆದು ಮತ್ತೆ ಹಳೇ ಕಾಲದ ಸಾಲು ಕೂತ ಹಾಗಾಗುತ್ತದೆ. ವಿಡಿಯೊ ಮುಗಿದ ಮೇಲೆ ‘ಏನು ನೋಡಿದ್ರಿ’ ಅಂದರೆ ಆನೆ ಅನ್ನುತ್ತಾರೆ. ಆನೆ ಏನು ಮಾಡಿತು ಅಂದರೆ ಸುಮ್ಮನಾಗುತ್ತಾರೆ.

ಟ್ಯಾಬ್‌ಗಳು ಬಂದಾಗ ಅದರಲ್ಲಿ ಮೊದಲೇ ಒಂದು ಕಲಿಕಾ ಆ್ಯಪ್ ಹಾಕಿ ಕೊಟ್ಟಿದ್ದರು. ಹೆಸರು ಬೇಡ ಬಿಡಿ. ಬಣ್ಣ ಬಣ್ಣವಾಗಿತ್ತು. ಒಂದು ಪ್ರಶ್ನೆ, ನಾಲ್ಕು ಉತ್ತರ. ಸರಿಯಾದದ್ದನ್ನು ಒತ್ತಿದರೆ ಚಪ್ಪಾಳೆ, ನಕ್ಷತ್ರ, ಕುಣಿಯುವ ಕೋತಿ. ತಪ್ಪಾದರೆ ಟೊಂಯ್ ಅಂತ ಒಂದು ಸದ್ದು. ಇಡೀ ಕೋಣೆ ಗಣಪತಿ ಪೆಂಡಾಲಿನ ಮೈಕ್‌ಸೆಟ್ಟಿನ ಹಾಗೆ ಗಲಗಲ ಅನ್ನುತ್ತಿತ್ತು. ಮಕ್ಕಳು ಖುಷಿಯಾಗಿದ್ದರು, ಇಲ್ಲ ಅನ್ನಲ್ಲ. ಆದರೆ ಪಕ್ಕದಲ್ಲಿ ಕೂತು ನೋಡಿದರೆ ಅವರು ಪ್ರಶ್ನೆಯನ್ನೇ ನೋಡುತ್ತಿರಲಿಲ್ಲ. ನಾಲ್ಕು ಉತ್ತರಗಳನ್ನೂ ಪಟಪಟ ಒತ್ತುತ್ತಾ ಹೋಗುವುದು, ಒಂದಲ್ಲ ಒಂದಕ್ಕೆ ಕೋತಿ ಕುಣಿಯುತ್ತದೆ. ಒಂದನೇ ತರಗತಿಯ ಒಬ್ಬ ಪುಟಾಣಿಯಂತೂ ಬೇಕಂತಲೇ ತಪ್ಪು ಒತ್ತುತ್ತಿದ್ದ. ಕೇಳಿದರೆ, ‘ಮಿಸ್, ಟೊಂಯ್ ಅನ್ನೋದು ಚೆನ್ನಾಗೈತೆ’ ಅಂದ. ಅವನ ಅಭಿರುಚಿಗೆ ನನ್ನ ತಕರಾರಿಲ್ಲ.

ಆ ಆ್ಯಪ್‌ನ ತೊಂದರೆ ಅಷ್ಟೇ: ಕೆಲಸವೆಲ್ಲ ಅದೇ ಮಾಡುತ್ತದೆ. ಮಾತು ಅದರದು, ಚಪ್ಪಾಳೆ ಅದರದು, ಮುಂದಿನ ಪ್ರಶ್ನೆ ಯಾವುದು ಅನ್ನುವ ತೀರ್ಮಾನವೂ ಅದರದು. ಮಗುವಿಗೆ ಉಳಿಯುವುದು ಒಂದು ಬೆರಳಿನ ಕೆಲಸ.

ಸ್ಕ್ರ್ಯಾಚ್ ಜೂನಿಯರ್ ತೆರೆದರೆ ಬಿಳಿ ಪರದೆ, ನಡುವೆ ಒಂದು ಹಳದಿ ಬೆಕ್ಕು. ಅಷ್ಟೇ. ಬೆಕ್ಕು ಏನೂ ಮಾಡುವುದಿಲ್ಲ. ಸ್ವಾಗತ ಹೇಳುವುದಿಲ್ಲ, ಕುಣಿಯುವುದಿಲ್ಲ. ಕೆಳಗೆ ಬಣ್ಣದ ತುಂಡುಗಳ ಒಂದು ಸಾಲು ಇರುತ್ತದೆ. ಅವುಗಳ ಮೇಲೆ ಅಕ್ಷರಗಳಿಲ್ಲ, ಚಿತ್ರಗಳು ಮಾತ್ರ. ಬಲಕ್ಕೆ ಬಾಣ, ಎಡಕ್ಕೆ ಬಾಣ, ಮೇಲಕ್ಕೆ, ಕೆಳಕ್ಕೆ. ಬೇಕಾದ ತುಂಡನ್ನು ಎಳೆದು ಕೆಳಗೆ ಬಿಟ್ಟರೆ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಸಾಲಿನ ಮೊದಲಿಗೆ ಹಸಿರು ಬಾವುಟದ ತುಂಡು ಇಟ್ಟು, ಮೇಲಿರುವ ಹಸಿರು ಬಾವುಟ ಒತ್ತಿದರೆ ಬೆಕ್ಕು ಆ ಸಾಲಿನಲ್ಲಿರುವುದನ್ನು ಎಡದಿಂದ ಬಲಕ್ಕೆ ಒಂದೊಂದಾಗಿ ಮಾಡುತ್ತದೆ. ಹೇಳಿದಷ್ಟು ಮಾಡುತ್ತದೆ, ಹೇಳದೇ ಇದ್ದದ್ದನ್ನು ಮಾಡುವುದಿಲ್ಲ. ಸರಿ ಮಾಡಿದೆ, ತಪ್ಪು ಮಾಡಿದೆ ಅಂತಲೂ ಹೇಳುವುದಿಲ್ಲ. ನನಗೆ ಹಿಡಿಸಿದ್ದು ಇದೇ.

ಇದರ ಹಿನ್ನೆಲೆ ಗೊತ್ತಾದ ಮೇಲೆ ಯಾಕೆ ಹೀಗಿದೆ ಅಂತ ಅರ್ಥವಾಯಿತು. 1967ರಲ್ಲಿ ಅಮೆರಿಕದಲ್ಲಿ ಸೀಮೋರ್ ಪ್ಯಾಪರ್ಟ್ ಮತ್ತು ಅವರ ಜೊತೆಗಾರರು ಮಕ್ಕಳಿಗಾಗಿ ಲೋಗೋ ಅನ್ನುವ ಕಂಪ್ಯೂಟರ್ ಭಾಷೆ ಮಾಡಿದರು. ಒಂದು ಆಮೆಗೆ ‘ಇಷ್ಟು ಮುಂದೆ ಹೋಗು, ಇಷ್ಟು ತಿರುಗು’ ಅಂತ ಹೇಳಿ ಗೆರೆ ಎಳೆಸುವುದು. ಕಂಪ್ಯೂಟರ್ ಮಗುವಿಗೆ ಪಾಠ ಮಾಡುವುದಲ್ಲ, ಮಗುವೇ ಕಂಪ್ಯೂಟರಿಗೆ ಹೇಳಿಕೊಡಲಿ ಅನ್ನುವುದು ಅವರ ಆಸೆ. ಅದೇ ಜಾಡಿನಲ್ಲಿ 2007ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬ್‌ನ ಮಿಚೆಲ್ ರೆಸ್ನಿಕ್ ತಂಡದಿಂದ, ತುಂಡು ಜೋಡಿಸಿ ಕಂಪ್ಯೂಟರಿಗೆ ಹೇಳುವ ಸ್ಕ್ರ್ಯಾಚ್ ಅನ್ನುವ ಭಾಷೆ ಬಂತು. ಅದು ಎಂಟು ವರ್ಷ ಮೇಲ್ಪಟ್ಟವರಿಗೆ, ಓದಲು ಬರಬೇಕು. ಓದಲು ಬಾರದ ಚಿಕ್ಕವರಿಗಾಗಿ, ಐದರಿಂದ ಏಳು ವರ್ಷದವರಿಗೆ, 2014ರಲ್ಲಿ ಸ್ಕ್ರ್ಯಾಚ್ ಜೂನಿಯರ್ ಮಾಡಿದರು. ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿದ್ದ ಮರೀನಾ ಬರ್ಸ್ ಅವರ ತಂಡ ಇದರಲ್ಲಿ ಜೊತೆಯಾಗಿತ್ತು. ಮೊದಲು ಐಪ್ಯಾಡ್‌ಗೆ ಬಂತು, ಮುಂದಿನ ವರ್ಷ ಆಂಡ್ರಾಯ್ಡ್ ಟ್ಯಾಬ್‌ಗೂ ಬಂತು. ಅಕ್ಷರ ಬೇಡದ ತುಂಡುಗಳು ಅನ್ನುವುದು ಇಂಗ್ಲಿಷ್ ಮಕ್ಕಳಿಗೆ ಅನುಕೂಲವಾಗಲಿ ಅಂತ ಮಾಡಿದ್ದಿರಬಹುದು. ಲಾಭ ಮಾತ್ರ ನಮ್ಮ ಕನ್ನಡ ಶಾಲೆಗೂ ಅಷ್ಟೇ ಸಿಕ್ಕಿತು. ಅನುವಾದಕ್ಕೆ ಕಾಯುವ ಗೋಜೇ ಇಲ್ಲ.

ಈಗ ತರಗತಿಯಲ್ಲಿ ಹೇಗೆ ನಡೆಯುತ್ತದೆ ಅನ್ನುವುದಕ್ಕೆ ಬರೋಣ.

ಟ್ಯಾಬ್ ಕೊಡುವ ಮೊದಲು ನೆಲದ ಮೇಲೆ ಆಡಿಸುತ್ತೇನೆ. ಜಗಲಿಯಲ್ಲಿ ಸೀಮೆಸುಣ್ಣದಿಂದ ಚೌಕ ಎಳೆದರೆ ಸಾಕು. ಒಬ್ಬ ಮಗು ಬೆಕ್ಕು, ಒಬ್ಬರು ಹೇಳುವವರು. ‘ಬಲಕ್ಕೆ ಮೂರು, ಮೇಲಕ್ಕೆ ಎರಡು.’ ಬೆಕ್ಕಾದವರು ಹೇಳಿದ್ದನ್ನು ಬಿಟ್ಟು ಬೇರೇನೂ ಮಾಡುವಂತಿಲ್ಲ. ಮುಂದೆ ಕಂಬ ಬಂದರೂ ಹೇಳಿದಷ್ಟು ಹೆಜ್ಜೆ ಇಡಬೇಕು. ಕಂಬಕ್ಕೆ ಮೂತಿ ತಾಗಿಸಿ ನಿಂತ ಬೆಕ್ಕನ್ನು ನೋಡಿ ಎಲ್ಲರೂ ನಗುತ್ತಾರೆ. ‘ನಾನೇನು ಮಾಡ್ಲಿ, ಅವಳು ಹಂಗೇ ಹೇಳಿದ್ಲು’ ಅಂತ ಬೆಕ್ಕಿನ ವಾದ. ತಪ್ಪು ನಡೆದವನದಲ್ಲ, ಹೇಳಿದ ಮಾತಿನಲ್ಲಿದೆ ಅನ್ನುವುದು ಇಲ್ಲೇ ಹೊಳೆದುಬಿಡುತ್ತದೆ. ಇಷ್ಟಾದ ಮೇಲೆ ಟ್ಯಾಬ್ ಕೊಟ್ಟರೆ ಹೆಚ್ಚು ವಿವರಿಸಬೇಕಾಗುವುದಿಲ್ಲ. ಈ ಜಗಲಿ ಆಟ ಬಿಟ್ಟು ನೇರ ಟ್ಯಾಬ್ ಕೊಡುವವರಿಗೆ ಆ್ಯಪ್ ಅರ್ಧ ಮಾತ್ರ ಸಿಗುತ್ತದೆ ಅಂತ ನನ್ನ ಅನಿಸಿಕೆ.

ಟ್ಯಾಬ್‌ಗೆ ಇಬ್ಬರು. ಒಬ್ಬರ ಬಾಯಿ, ಇನ್ನೊಬ್ಬರ ಬೆರಳು. ಹೇಳುವವರು ಮುಟ್ಟುವಂತಿಲ್ಲ, ಮುಟ್ಟುವವರು ತಮ್ಮ ಮನಸ್ಸಿಗೆ ಬಂದದ್ದು ಮಾಡುವಂತಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅದಲು ಬದಲು. ಈ ನಿಯಮ ಇಲ್ಲದೇ ಇದ್ದರೆ ಏನಾಗುತ್ತದೆ ಅಂತ ಎಲ್ಲ ಟೀಚರಿಗೂ ಗೊತ್ತು. ಮನೆಯಲ್ಲಿ ಮೊಬೈಲ್ ಮುಟ್ಟಿ ಪಳಗಿದವನ ಕೈಯಲ್ಲೇ ಟ್ಯಾಬ್ ಉಳಿಯುತ್ತದೆ. ಪಕ್ಕದ ಹುಡುಗಿ ಅವನ ಭುಜದ ಮೇಲಿಂದ ನೋಡುತ್ತಾ ಕೂರುತ್ತಾಳೆ. ನಿಯಮ ಬಂದ ಮೇಲೆ ಅದೇ ಹುಡುಗಿ, ‘ಲೇ, ಐದು ಹಾಕೋ ಅಂದ್ರೆ ನಾಲ್ಕು ಹಾಕ್ತೀಯಲ್ಲೋ’ ಅಂತ ಗದರುವುದನ್ನು ಕೇಳಿದರೆ ನನಗೆ ಒಳಗೊಳಗೇ ಸಂತೋಷ. ಉಳಿದ ಮಕ್ಕಳು ಅದೇ ಹೊತ್ತಿನಲ್ಲಿ ಬೇರೆ ತಟ್ಟೆಗಳಲ್ಲಿ ತಮ್ಮ ಕಾರ್ಡು ಮಾಡುತ್ತಿರುತ್ತಾರೆ. ಸಹಪಾಠಿ ಬೆಂಬಲಿತ ತಟ್ಟೆಗೆ, ಅಂದರೆ ಒಬ್ಬರಿಗೊಬ್ಬರು ಹೇಳಿಕೊಟ್ಟುಕೊಳ್ಳುವ ಗುಂಪಿಗೆ, ಟ್ಯಾಬ್ ಇಟ್ಟರೆ ಚೆನ್ನಾಗಿ ಒಗ್ಗುತ್ತದೆ. ಶಿಕ್ಷಕರು ಪೂರ್ತಿ ಜೊತೆಗಿರುವ ತಟ್ಟೆಯಲ್ಲಿ ಬೇಡ. ಅಲ್ಲಿ ನಾನೇ ಇರುವಾಗ ಅದು ಯಾಕೆ?

ಗಣಿತಕ್ಕೆ ಇದರಿಂದ ಸಿಗುವುದು ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿ. ಮೇಲೆ ಚೌಕಗಳ ಗುರುತಿನ ಒಂದು ಗುಂಡಿ ಇದೆ. ಅದನ್ನು ಒತ್ತಿದರೆ ಪರದೆ ತುಂಬ ಚೌಕಗಳು ಬರುತ್ತವೆ. ಅಡ್ಡಕ್ಕೆ 20, ಉದ್ದಕ್ಕೆ 15. ಅಂಚಿನಲ್ಲಿ ಅಂಕಿಗಳೂ ಇರುತ್ತವೆ. ಬೆಕ್ಕು 8ನೇ ಮನೆಯಲ್ಲಿದೆ, ಮರ 15ನೇ ಮನೆಯಲ್ಲಿದೆ, ಎಷ್ಟು ಹೆಜ್ಜೆ? ಮೊದಮೊದಲು ಒಂದನೇ ತರಗತಿಯವರು ಬಲಬಾಣವನ್ನು ಒಂದರ ಪಕ್ಕ ಒಂದು ಏಳು ಸಲ ಎಳೆದು ಹಾಕುತ್ತಾರೆ. ಅದೂ ಸರಿಯೇ. ಒಂದೇ ಬಾಣದ ಕೆಳಗಿರುವ ಅಂಕಿಯನ್ನು ಮುಟ್ಟಿ 7 ಅಂತ ಬರೆದರೂ ಅದೇ ಆಗುತ್ತದೆ ಅಂತ ಯಾರಾದರೂ ಒಬ್ಬರು ಕಂಡುಹಿಡಿಯುತ್ತಾರೆ. ಆಗ ಕೋಣೆಯಲ್ಲಿ ದೊಡ್ಡ ಸುದ್ದಿ. ಏಳು ಒಂದುಗಳು ಸೇರಿ ಒಂದು ಏಳು ಅನ್ನುವುದನ್ನು ಕಡ್ಡಿ ಕಟ್ಟು, ಹುಣಸೆ ಬೀಜ ಇಟ್ಟು ನಾನು ಹೇಳಿಕೊಡುತ್ತಲೇ ಬಂದಿದ್ದೇನೆ. ತಾವೇ ಕಂಡುಕೊಂಡಾಗಿನ ಮುಖ ಬೇರೆಯೇ.

ಬೆಕ್ಕನ್ನು ಅಂಚು ದಾಟಿಸಿದರೆ ಅದು ಇನ್ನೊಂದು ಕಡೆಯಿಂದ ಒಳಗೆ ಬರುತ್ತದೆ. ‘ಮಿಸ್, ಬೆಕ್ಕು ಆ ಕಡೆಯಿಂದ ಹೋಗಿ ಈ ಕಡೆಯಿಂದ ಬಂತು!’ ಇದಕ್ಕೆ ವಿವರಣೆ ಕೊಡಲು ಹೋಗಬೇಡಿ. ಒಬ್ಬ ಮೂರನೇ ತರಗತಿಯವನು ‘ಭೂಮಿ ಗುಂಡಗೈತಲ್ಲ, ಅದಕ್ಕೆ’ ಅಂತ ತೀರ್ಪು ಕೊಟ್ಟಾಗಿದೆ. ಅದಕ್ಕಿಂತ ಒಳ್ಳೆಯ ಉತ್ತರ ನನ್ನ ಹತ್ತಿರ ಇರಲಿಲ್ಲ.

ತಿರುಗಿಸುವ ತುಂಡಿನ ವಿಷಯ ಟೀಚರುಗಳಿಗೆ ವಿಶೇಷವಾಗಿ ಹೇಳಬೇಕು. ಇದರಲ್ಲಿ 12 ಅಂತ ಹಾಕಿದರೆ ಬೆಕ್ಕು ಒಂದು ಪೂರ್ತಿ ಸುತ್ತು ತಿರುಗುತ್ತದೆ. 6 ಹಾಕಿದರೆ ತಲೆಕೆಳಗು. 3 ಹಾಕಿದರೆ ಕಾಲು ಸುತ್ತು. ಡಿಗ್ರಿ ಗಿಗ್ರಿ ಇಲ್ಲ. ಗಡಿಯಾರ! ಗಂಟೆ ನೋಡುವುದನ್ನು ಕಲಿಸುವ ಮೆಟ್ಟಿಲು ಬಂದಾಗ ನಾನು ಇದನ್ನೇ ಹಿಡಿದುಕೊಂಡೆ. ಮಕ್ಕಳಿಂದಲೇ ಒಂದು ಮುಳ್ಳಿನ ಚಿತ್ರ ಬರೆಸಿ, ಅದನ್ನು ತಿರುಗಿಸುವುದು. ‘ಮೂರು ಗಂಟೆಗೆ ನಿಲ್ಲಿಸು’, ‘ಅರ್ಧ ಸುತ್ತು ಹಾಕು’. ಕಾಲು, ಅರ್ಧ, ಮುಕ್ಕಾಲು ಮೂರೂ ಕೈಗೆ ಸಿಕ್ಕವು. ಒಂದೇ ಎಚ್ಚರಿಕೆ: ಬೆಕ್ಕು ತಿರುಗಿ ನಿಂತರೂ ಬಲಬಾಣ ಅದನ್ನು ಪರದೆಯ ಬಲಕ್ಕೇ ಒಯ್ಯುತ್ತದೆ, ಅದು ಮುಖ ಮಾಡಿದ ದಿಕ್ಕಿಗಲ್ಲ. ಲೋಗೋದ ಆಮೆ ಹಾಗಲ್ಲ, ಮುಖ ಇದ್ದ ಕಡೆ ಹೋಗುತ್ತಿತ್ತು. ಚಿಕ್ಕ ಮಕ್ಕಳಿಗೆ ಸುಲಭವಾಗಲಿ ಅಂತ ಹೀಗೆ ಮಾಡಿರಬೇಕು. ಆದರೆ ಜಗಲಿಯಲ್ಲಿ ನಿಜವಾಗಿ ತಿರುಗಿ ನಡೆದು ಬಂದ ಮಕ್ಕಳು ಇಲ್ಲಿ ತಲೆ ಕೆರೆದುಕೊಳ್ಳುತ್ತಾರೆ. ಅದಕ್ಕೆ ಜಗಲಿ ಆಟದಲ್ಲೂ ನಾನು ಈಗ ಎಲ್ಲರ ಮುಖ ಒಂದೇ ದಿಕ್ಕಿಗೆ ಇರಿಸುತ್ತೇನೆ.

ಕಾಯುವ ತುಂಡಿನ ಲೆಕ್ಕವೂ ಸ್ವಲ್ಪ ವಿಚಿತ್ರ. ಅದರಲ್ಲಿ 10 ಹಾಕಿದರೆ ಒಂದು ಸೆಕೆಂಡ್. ಮಕ್ಕಳು 2 ಹಾಕಿ, ‘ಬೆಕ್ಕು ನಿಲ್ತಾನೇ ಇಲ್ಲ’ ಅಂತ ದೂರು ತರುತ್ತಾರೆ. 50 ಹಾಕಿ ನೋಡು ಅಂದರೆ ಸಾಕು. ಹತ್ತರ ಗುಂಪು ಕಲಿಯುತ್ತಿರುವವರಿಗೆ ಇದೂ ಒಂದು ಪಾಠವೇ.

ಇನ್ನು ಕನ್ನಡ. ಆ್ಯಪ್‌ಗೆ ಕನ್ನಡ ಹೇಳಿಕೊಡಲು ಬರುವುದಿಲ್ಲ. ಅದೇ ಒಳ್ಳೆಯದಾಯಿತು, ನಾವೇ ಅದಕ್ಕೆ ಕಲಿಸಬೇಕಾಯಿತು. ಇದರಲ್ಲಿ ಎರಡು ಅನುಕೂಲ ಇವೆ. ಬೆರಳಿನಿಂದ ಚಿತ್ರ ಬರೆದು ಅದನ್ನೇ ಪಾತ್ರ ಮಾಡಬಹುದು. ಮೈಕಿನ ಗುರುತು ಒತ್ತಿ ಮಗುವಿನ ಧ್ವನಿ ಹಿಡಿಯಬಹುದು. ಚಿತ್ರ ಬರೆಯಬಹುದು ಅಂದರೆ ಅಕ್ಷರವನ್ನೂ ಬರೆಯಬಹುದು, ಅಲ್ವಾ?

ನಲಿ-ಕಲಿಯಲ್ಲಿ ಅ ಆ ಇ ಈ ಕ್ರಮದಲ್ಲಿ ಅಕ್ಷರ ಕಲಿಸುವುದಿಲ್ಲ. ಮೊದಲು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ಮೊದಲ ಐದೇ ಅಕ್ಷರದಿಂದ ಸರ, ದಸರ, ಅರಸ, ಗರಗಸ ಎಲ್ಲ ಓದಬಹುದು. ಒಂದು ಜೋಡಿ ಮಕ್ಕಳು ಸ ಒಂದು ಪಾತ್ರ, ರ ಒಂದು ಪಾತ್ರ ಅಂತ ಬರೆದರು. ಹಳದಿ ತುಂಡುಗಳಲ್ಲಿ ಒಂದು ಇದೆ: ಒಂದು ಪಾತ್ರ ಇನ್ನೊಂದಕ್ಕೆ ತಾಗಿದಾಗ ಮಾತ್ರ ಶುರುವಾಗುವಂಥದ್ದು. ಸ ನಡೆದುಕೊಂಡು ಬಂದು ರಕ್ಕೆ ತಾಗಿದ ತಕ್ಷಣ ‘ಸರ’ ಅಂತ ಮಗುವಿನದೇ ಧ್ವನಿ ಬರುತ್ತದೆ. ಅಕ್ಷರಕ್ಕೆ ಅಕ್ಷರ ಸೇರಿ ಪದವಾಗುವುದನ್ನು ಕಾರ್ಡಿನಲ್ಲಿ ತೋರಿಸುತ್ತೇವೆ. ಇಲ್ಲಿ ಅದು ಕಣ್ಣೆದುರೇ ನಡೆಯಿತು. ಆಮೇಲೆ ರ ಮೊದಲು ಹೊರಟರೆ ‘ರಸ’ ಆಗುತ್ತದೆ ಅಂತ ಅವರೇ ಬಂದು ಹೇಳಿದರು. ಅಂದಿನ ಬಿಸಿಯೂಟಕ್ಕೆ ‘ಮಿಸ್, ಅನ್ನ ರಸ’ ಅಂತ ಪ್ರಾಸ ಬೇರೆ. ಗರಗಸಕ್ಕೆ ಕೈ ಹಾಕಿದವರು ನಾಲ್ಕು ಪಾತ್ರ ಬೇಕು, ಗ ಎರಡು ಸಲ ಬೇಕು ಅಂತ ಲೆಕ್ಕ ಹಾಕುತ್ತಾ ಅರ್ಧ ಪೀರಿಯಡ್ ಕಳೆದರು. ನಾನು ತಡೆಯಲಿಲ್ಲ.

ಬೆರಳಿನಿಂದ ಬರೆದ ಅಕ್ಷರ ಸ್ವಲ್ಪ ಗೀಚಿದಂತೆಯೇ ಬರುತ್ತದೆ. ಬರವಣಿಗೆ ಕಲಿಸಲು ಇದು ಬೇಡವೇ ಬೇಡ. ಅದಕ್ಕೆ ಸ್ಲೇಟು, ಬಳಪ, ಗೋಡೆಯ ಕೆಳಗಿನ ಕಪ್ಪು ಹಲಗೆ ಇವೆ. ಬಳಪ ಹಿಡಿದ ಬೆರಳಿಗೆ ಬರುವ ಹಿಡಿತ ಗಾಜಿನ ಮೇಲೆ ಬೆರಳು ಜಾರಿಸಿದರೆ ಬರುವುದಿಲ್ಲ. ಓದು ಕಲಿಸುವುದೂ ಇದರ ಕೆಲಸವಲ್ಲ. ಸರ ಅಂತ ಮಾಡಿಸಿದ್ದು ಆ ಜೋಡಿಗೆ ಆಗಲೇ ಓದಲು ಬರುತ್ತಿದ್ದುದರಿಂದ. ಓದಲು ಕಷ್ಟಪಡುವ ಮಗುವನ್ನು ಟ್ಯಾಬ್ ಜೊತೆ ಬಿಟ್ಟು ನಾವು ಬೇರೆ ಕಡೆ ಹೋದರೆ, ಅದು ಬೆಕ್ಕನ್ನು ಕುಣಿಸುತ್ತಾ ಖುಷಿಯಾಗಿರುತ್ತದೆ, ಅಷ್ಟೇ. ಆ ಮಗುವಿಗೆ ಬೇಕಿರುವುದು ಪಕ್ಕದಲ್ಲಿ ಕೂತು ಕಾರ್ಡಿನ ಮೇಲೆ ಬೆರಳಿಟ್ಟು ಓದಿಸುವ ಟೀಚರ್.

ಕಥೆ ಹೇಳಿಸಲು ಮಾತ್ರ ಇದು ಎಷ್ಟು ಚೆನ್ನಾಗಿದೆ ಅಂದರೆ ನಾನು ಬಹಳ ಹೊತ್ತು ಮಾತಾಡಿಯೇನು. ಒಂದು ಕಥೆಗೆ ನಾಲ್ಕು ಪುಟ. ಅದಕ್ಕಿಂತ ಜಾಸ್ತಿ ಹಾಕಲು ಬಿಡುವುದಿಲ್ಲ. ದೊಡ್ಡವರಿಗೆ ಇದು ಕೊರತೆ ಅನಿಸಬಹುದು. ಏಳು ವರ್ಷದ ಮಗುವಿನ ಕಥೆ ನಾಲ್ಕು ಪುಟದಲ್ಲಿ ನಿಂತರೆ ಅದೇ ದೊಡ್ಡ ಉಪಕಾರ. ಇಲ್ಲದಿದ್ದರೆ ‘ಆಮೇಲೆ... ಆಮೇಲೆ...’ ಅಂತ ಸಂಜೆ ಬೆಲ್ ಹೊಡೆಯುವವರೆಗೂ ಹೋಗುತ್ತದೆ. ಆ್ಯಪ್‌ನಲ್ಲಿರುವ ಹಿನ್ನೆಲೆ ಚಿತ್ರಗಳು ಅವರ ಊರಿನವು. ಹಿಮ, ಕಾಡು, ಚಂದ್ರಲೋಕ ಎಲ್ಲ ಇವೆ, ನಮ್ಮ ತೋಟ ಇಲ್ಲ. ಹಾಗಾಗಿ ಮಕ್ಕಳೇ ಬರೆದರು. ಎರಡು ಉದ್ದ ಗೆರೆ, ಮೇಲೆ ಹಸಿರು ಗೀಚು, ತೆಂಗಿನ ಮರ ಸಿದ್ಧ. ಒಬ್ಬಳ ಕಥೆಯಲ್ಲಿ ಅಪ್ಪ ಮರ ಹತ್ತುತ್ತಾನೆ, ಅಂದರೆ ಮೇಲುಬಾಣಕ್ಕೆ 9. ಕಾಯಿ ಬೀಳುತ್ತದೆ, ಕೆಳಬಾಣಕ್ಕೆ 9. ಕೆಳಗೆ ಮಲಗಿದ್ದ ಕರಿಯ ಅನ್ನುವ ನಾಯಿಗೆ ತಾಗುತ್ತದೆ. ಕರಿಯ ‘ಕುಂಯ್’ ಅನ್ನುತ್ತದೆ. ಆ ಕುಂಯ್ ರೆಕಾರ್ಡ್ ಮಾಡಲು ಇಡೀ ತಟ್ಟೆಯವರು ಸಾಲಾಗಿ ನಿಂತು ಒಬ್ಬೊಬ್ಬರೇ ಪರೀಕ್ಷೆ ಕೊಟ್ಟರು. ಮೊದಮೊದಲು ಕಾಯಿ ಬೀಳುವ ಮೊದಲೇ ನಾಯಿ ಅಳುತ್ತಿತ್ತು. ಹಸಿರು ಬಾವುಟ ಒತ್ತಿದಾಗ ಎಲ್ಲ ಪಾತ್ರಗಳೂ ಒಟ್ಟಿಗೆ ಶುರುವಾಗುತ್ತವೆ. ಅದಕ್ಕೆ ತಾಗಿದಾಗ ಶುರುವಾಗುವ ತುಂಡು ಹಾಕಬೇಕು ಅನ್ನುವುದನ್ನು ಸರ, ರಸ ಮಾಡಿದ ಜೋಡಿ ಬಂದು ಹೇಳಿಕೊಟ್ಟಿತು. ನಾನು ಆ ಹೊತ್ತಿಗೆ ಬೇರೆ ತಟ್ಟೆಯಲ್ಲಿದ್ದೆ.

ಒಂದು ಎಚ್ಚರಿಕೆಯ ಮಾತು. ಚಿತ್ರ ಬರೆಯುವ ಜಾಗದಲ್ಲಿ ಕ್ಯಾಮೆರಾ ಗುರುತು ಇದೆ. ಪಾತ್ರದ ಮುಖದ ಜಾಗದಲ್ಲಿ ಮಗುವಿನ ಫೋಟೊ ಕೂರಿಸಬಹುದು. ಮಕ್ಕಳಿಗೆ ಇದು ಸಿಕ್ಕಿದ ದಿನ ಬೇರೆ ಕೆಲಸ ನಡೆಯುವುದಿಲ್ಲ. ಫೋಟೊ ಟ್ಯಾಬ್‌ನಲ್ಲೇ ಇರುತ್ತದೆ ನಿಜ. ಆದರೂ ಆ ಟ್ಯಾಬ್ ನಾಳೆ ರಿಪೇರಿಗೆ ಯಾರದೋ ಅಂಗಡಿಗೆ ಹೋಗುತ್ತದೆ. ನಾನು ಮುಖದ ಫೋಟೊ ಬೇಡ ಅಂದಿದ್ದೇನೆ. ಎಲೆ, ಕಲ್ಲು, ಚಪ್ಪಲಿ, ಬಿಸಿಯೂಟದ ತಟ್ಟೆ ಇವುಗಳ ಫೋಟೊ ತೆಗೆದು ಅದಕ್ಕೆ ಕಾಲು ಬರೆದು ನಡೆಸುತ್ತಾರೆ. ನಡೆಯುವ ಚಪ್ಪಲಿಯೇ ಹೆಚ್ಚು ಜನಪ್ರಿಯ.

ಪೋಷಕರು ಒಪ್ಪಿದರಾ ಅಂತ ಸುತ್ತಲಿನ ಶಾಲೆಗಳು ಸೇರುವ ಕ್ಲಸ್ಟರ್ ಸಭೆಯಲ್ಲಿ ಬೇರೆ ಶಾಲೆಯವರು ಕೇಳುತ್ತಾರೆ. ಸುಲಭವಾಗಿ ಒಪ್ಪಲಿಲ್ಲ. ‘ಮೇಡಂ, ಮನೇಲಿ ಮೊಬೈಲ್ ಬಿಡಿಸೋಕೆ ನಾವು ಒದ್ದಾಡ್ತಿದ್ದೀವಿ, ನೀವು ಸ್ಕೂಲಲ್ಲೂ ಅದನ್ನೇ ಕೊಡ್ತೀರಲ್ಲ’ ಅಂತ ಒಬ್ಬ ತಾಯಿ ನೇರವಾಗಿ ಕೇಳಿದರು. ಅವರ ಸಿಟ್ಟಿಗೆ ಕಾರಣ ಇದೆ. 2020ರಲ್ಲಿ ಶಾಲೆ ಮುಚ್ಚಿದಾಗ ಸಾಲ ಮಾಡಿ ಫೋನ್ ಕೊಂಡ ಮನೆಗಳಿವೆ. ಆಗಸ್ಟ್‌ನಲ್ಲಿ ಸರ್ಕಾರದ ವಿದ್ಯಾಗಮ ಯೋಜನೆ ಶುರುವಾಗಿ ನಾವು ಗುಡಿ ಜಗಲಿ, ಅರಳಿಕಟ್ಟೆಯಲ್ಲಿ ಪಾಠ ಮಾಡಿದೆವು. ಪಾಠ ಮರಳಿ ಶಾಲೆಗೆ ಬಂತು, ಫೋನ್ ಮಾತ್ರ ಮಕ್ಕಳ ಕೈಯಲ್ಲೇ ಉಳಿಯಿತು. ಆ ವರ್ಷ ಕೇಂದ್ರದ ಪ್ರಜ್ಞಾತಾ ಮಾರ್ಗಸೂಚಿ ಒಂದರಿಂದ ಎಂಟನೇ ತರಗತಿಗೆ ದಿನಕ್ಕೆ 30-45 ನಿಮಿಷದ ಎರಡು ಆನ್‌ಲೈನ್ ಅವಧಿಗಿಂತ ಹೆಚ್ಚು ಬೇಡ ಅಂತ ಹೇಳಿತ್ತು. ಅದು ಆನ್‌ಲೈನ್ ಪಾಠದ ಮಾತು. ನನ್ನ ಕೋಣೆಯಲ್ಲಿ ಅಷ್ಟೂ ಬೇಕಿಲ್ಲ. ಒಂದು ಜೋಡಿಗೆ ವಾರದಲ್ಲಿ ಒಂದೆರಡು ಸಲ, ಸಲಕ್ಕೆ ಅರ್ಧ ಗಂಟೆಯೊಳಗೆ. ಸಮಯ ಮುಗಿಯಿತು ಅಂದಾಗ ಈ ಆ್ಯಪ್ ‘ಇನ್ನೊಂದು ಆಟ ಇದೆ ನೋಡು’ ಅಂತ ಕರೆಯುವುದಿಲ್ಲ. ಮುಂದಿನ ಹಂತ ಅಂತಲೇ ಇಲ್ಲವಲ್ಲ. ಹಿಂದಿನ ನಕ್ಷತ್ರದ ಆ್ಯಪ್ ಇದ್ದಾಗ ಟ್ಯಾಬ್ ವಾಪಸ್ ಪಡೆಯುವುದೇ ಒಂದು ಜಗಳ.

ಆ ತಾಯಿಯನ್ನು ಪೋಷಕರ ಸಭೆಯ ದಿನ ಕೂರಿಸಿ ಮಗಳಿಂದಲೇ ತೋರಿಸಿದೆ. ಒಪ್ಪಿದರು ಅಂತ ಹೇಳಲಾರೆ. ‘ಮನೇಲಿ ಮಾತ್ರ ಹಾಕಿಕೊಡಲ್ಲ’ ಅಂದರು. ನನಗೂ ಅದೇ ಸರಿ ಅನಿಸಿತು. ಮನೆಯಲ್ಲಿ ಒಬ್ಬಳೇ ಕೂತು ಮಾಡಿದರೆ ಬಾಯಿಗೂ ಬೆರಳಿಗೂ ನಡುವಿನ ಜಗಳ ಇರುವುದಿಲ್ಲ, ಅರ್ಧ ಕಲಿಕೆ ಅದರಲ್ಲಿದೆ. ಜೊತೆಗೆ ಇದನ್ನು ಮಾಡಿರುವುದು ಟ್ಯಾಬ್‌ಗಾಗಿ. ಫೋನಿನ ಸಣ್ಣ ಪರದೆಯಲ್ಲಿ ತುಂಡುಗಳನ್ನು ಎಳೆದು ಕೂರಿಸಲು ಮಕ್ಕಳಿಗೆ ಕಿರಿಕಿರಿ.

ಇದನ್ನು ‘ಕೋಡಿಂಗ್’ ಅಂತ ಕರೆದು ಬೋರ್ಡ್ ಹಾಕುವ ಖಾಸಗಿ ಶಾಲೆಗಳಿವೆ. ಆರು ವರ್ಷಕ್ಕೇ ಸಾಫ್ಟ್‌ವೇರ್ ಎಂಜಿನಿಯರ್ ಮಾಡುತ್ತೇವೆ ಅನ್ನುವ ಹಾಗೆ. ಅದಕ್ಕಾಗಿ ಬೇರೆ ಫೀಸು ಕೇಳಿದರೆ ಒಂದು ವಿಷಯ ನೆನಪಿರಲಿ, ಆ್ಯಪ್ ಪುಕ್ಕಟೆ. ಸಿಆರ್‌ಪಿ ಸಾರ್, ಅಂದರೆ ನಮ್ಮ ಕ್ಲಸ್ಟರ್ ಶಾಲೆಗಳ ಸಂಪನ್ಮೂಲ ವ್ಯಕ್ತಿ, ಭೇಟಿಗೆ ಬಂದಾಗ ದಾಖಲೆಯಲ್ಲಿ ಏನಂತ ಬರೆಯುತ್ತೀರಿ ಅಂತ ಕೇಳಿದರು. ಗಣಿತದ ಅಂದಾಜು, ದಿಕ್ಕು, ಕಥೆ ಹೇಳುವುದು ಅಂತ ಬರೆದೆ. ಅವರು ನಡೆಯುವ ಚಪ್ಪಲಿಯನ್ನು ಎರಡು ಸಲ ಹಾಕಿಸಿಕೊಂಡು ನೋಡಿ ಸಹಿ ಹಾಕಿದರು.

ಕೊರತೆಗಳನ್ನೂ ಹೇಳಬೇಕು. ಶಿಕ್ಷಕರಿಗೆ ಯಾವ ಮಗು ಎಲ್ಲಿದೆ ಅಂತ ತೋರಿಸುವ ವ್ಯವಸ್ಥೆ ಇದರಲ್ಲಿ ಇಲ್ಲ. ನೋಡಬೇಕೆಂದರೆ ಪಕ್ಕದಲ್ಲಿ ಕೂತು ನೋಡಬೇಕು. ಮಕ್ಕಳ ಕೆಲಸ ಆಯಾ ಟ್ಯಾಬ್‌ನಲ್ಲೇ ಉಳಿಯುತ್ತದೆ. ನಾಳೆ ಬೇರೆ ಟ್ಯಾಬ್ ಸಿಕ್ಕಿದರೆ ಕಥೆ ಅಲ್ಲಿರುವುದಿಲ್ಲ. ಅದಕ್ಕೆ ಟ್ಯಾಬ್‌ಗಳ ಬೆನ್ನಿಗೆ ಹೂವು, ಮೀನು, ಸೂರ್ಯ, ಮನೆ ಅಂತ ನಾಲ್ಕು ಚಿತ್ರ ಅಂಟಿಸಿದ್ದೇನೆ. ಯಾವ ಜೋಡಿ ಯಾವ ಚಿತ್ರದ್ದು ಅಂತ ಗೋಡೆಯಲ್ಲಿ ಬರೆದಿದೆ. ಹೊಸದನ್ನು ಹೇಳಿಕೊಡುವ ಹೊಣೆಯೂ ನಮ್ಮದೇ, ಆ್ಯಪ್ ತಾನಾಗಿ ಮುಂದೆ ಕರೆದುಕೊಂಡು ಹೋಗುವುದಿಲ್ಲ. ಒಬ್ಬರೇ ಟೀಚರ್ ಇರುವ ಶಾಲೆಯಲ್ಲಿ, ಹಾಲು, ಮೊಟ್ಟೆ, ಹಾಜರಿ, ಮೀಟಿಂಗ್ ಎಲ್ಲವನ್ನೂ ಒಬ್ಬರೇ ನೋಡುವಲ್ಲಿ, ಇದಕ್ಕೆ ಸಮಯ ಸಿಗುವುದು ಕಷ್ಟ. ಅಂಥವರಿಗೆ ನಾನು ಇದನ್ನು ಒತ್ತಾಯ ಮಾಡಲಾರೆ. ಜಗಲಿಯ ಚೌಕದ ಆಟ ಮಾತ್ರ ಖಂಡಿತ ಮಾಡಿ, ಅದಕ್ಕೆ ಕರೆಂಟೂ ಬೇಡ.

ಟ್ಯಾಬ್ ಕೊಡಲೇಬೇಕಾ ಅನ್ನುವ ಪ್ರಶ್ನೆಗೆ ನನ್ನ ಉತ್ತರ: ದುಡ್ಡು ಕೊಟ್ಟು ಕೊಳ್ಳಬೇಕು ಅಂತಿದ್ದರೆ ಬೇಡ. ಅದೇ ದುಡ್ಡಿಗೆ ತೆಳು ಕಥೆ ಪುಸ್ತಕಗಳನ್ನು ತಂದರೆ ಮೂರು ತರಗತಿಗೂ ವರ್ಷಗಟ್ಟಲೆ ಬರುತ್ತವೆ. ಯಾರೋ ದಾನ ಕೊಟ್ಟು ಬೀರುವಿನಲ್ಲಿ ಬಿದ್ದಿದ್ದರೆ ಹೊರಗೆ ತೆಗೆಯಿರಿ. ಎಲ್ಲ ಕೆಟ್ಟಿದ್ದರೂ ಎರಡು ಚಾಲೂ ಇದ್ದರೆ ಒಂದು ತಟ್ಟೆಗೆ ಸಾಕು.

ಕೊನೆಗೆ ಕೆಲಸಕ್ಕೆ ಬರುವ ಎರಡು ಮಾತು. ಇನ್‌ಸ್ಟಾಲ್ ಮಾಡುವಾಗ ಟ್ಯಾಬ್‌ನ ಉಳಿದ ಆಟಗಳನ್ನು, ವಿಡಿಯೊ ಆ್ಯಪ್‌ಗಳನ್ನು ತೆಗೆದುಹಾಕಿ, ಆಮೇಲೆ ವೈಫೈ ಆಫ್ ಮಾಡಿ ಕೊಡಿ. ಇಲ್ಲದಿದ್ದರೆ ಮೂರನೇ ತರಗತಿಯವರು ಕಾರ್ಟೂನ್ ಹುಡುಕಿಕೊಂಡಿರುತ್ತಾರೆ. ಚಾರ್ಜಿಂಗ್‌ಗೆ ತರಗತಿಯ ಪ್ಲಗ್ ಬೇಡ, ಮಕ್ಕಳ ಕೈಗೆ ಎಟಕುತ್ತದೆ. ನಮ್ಮಲ್ಲಿ ಹೆಡ್ ಮೇಡಂ ಮೇಜಿನ ಹತ್ತಿರ ಸಂಜೆ ಹಾಕಿ, ಬೀಗ ಹಾಕುವ ಮೊದಲು ಅಡುಗೆಯವರು ತೆಗೆದು ಬೀರುವಿಗೆ ಇಡುತ್ತಾರೆ. ಕರಿಯ ಅಳುವುದನ್ನು ಕೇಳಬೇಕು ಅಂತ ಅವರೂ ಒಂದು ಸಲ ಬಾವುಟ ಒತ್ತುತ್ತಾರೆ ಅಂತ ಮೇಡಂ ಹೇಳುತ್ತಿದ್ದರು, ಬ್ಯಾಟರಿ ಅಷ್ಟೇನೂ ಖರ್ಚಾಗುವುದಿಲ್ಲ.